ಬಲಗೈ ಮಾವನದು, ಎಡಗೈ ಸೊಸೆಯದು

ಅವನನ್ನು ಎಲ್ಲರೂ ಲಿಫ್ಟಜ್ಜ ಎಂದೇ ಕರೆಯುತ್ತಿದ್ದರು. ತಲೆ ನರೆತ ಮೇಲೆ ಬಂದ ಹೆಸರಲ್ಲ ಅದು, ಮೀಸೆ ಇನ್ನೂ ಕರ್ರಗಿದ್ದಾಗಲೇ ಅಂಟಿಕೊಂಡದ್ದು. ಎತ್ತರದ ಕಟ್ಟಡಗಳಲ್ಲಿ ಎಲ್ಲೇ ಲಿಫ್ಟು ಕೆಟ್ಟು ನಿಂತರೂ ಸ್ಪ್ಯಾನರು, ತಿರುಪುಳಿಗಳ ಚೀಲ ಹೆಗಲಿಗೇರಿಸಿಕೊಂಡು ಬರುತ್ತಿದ್ದವನು ಇವನು. ಒಳಗೆ ಸಿಕ್ಕಿಕೊಂಡ ಮಕ್ಕಳು ಅಳುತ್ತಿದ್ದರೆ ಬಾಗಿಲಿನ ಸಂದಿಗೆ ಬಾಯಿ ಹಚ್ಚಿ, "ಹೆದರ್ಬೇಡ ಮರಿ, ನಿನ್ನ ಅಜ್ಜ ಬಂದಿದ್ದೀನಿ" ಅನ್ನುತ್ತಿದ್ದ. ಮಕ್ಕಳು ಥಟ್ಟನೆ ಅಳು ನಿಲ್ಲಿಸುತ್ತಿದ್ದವು. ಬಾಗಿಲು ತೆರೆದಾಗ ಎದುರಿಗೆ ನಿಂತಿರುತ್ತಿದ್ದವನು ಮದುವೆಯೂ ಆಗದ ಹುಡುಗ. ಹೆಸರು ಮಾತ್ರ ನಿಂತುಬಿಟ್ಟಿತು.

ದುಡಿದ ವರ್ಷಗಳನ್ನೆಲ್ಲ ಅವನು ಕತ್ತಲಲ್ಲೇ ಕಳೆದ. ಲಿಫ್ಟು ಏರಿಳಿಯುವ ಓಣಿ ಎಂದರೆ ತಲೆಕೆಳಗಾದ ಬಾವಿ ಇದ್ದ ಹಾಗೆ. ಗ್ರೀಸಿನ ವಾಸನೆ, ಉಕ್ಕಿನ ಹಗ್ಗ, ಹಣೆಗೆ ಕಟ್ಟಿದ ದೀಪ. ಮೇಲಕ್ಕೆ ಹೋಗುವುದು, ಕೆಳಕ್ಕೆ ಬರುವುದು, ಮೂರನೆಯ ದಿಕ್ಕೇ ಇಲ್ಲ. ಅದಕ್ಕೇ ಇರಬೇಕು, ಕನ್ನಡಕದಂಗಡಿಯವನ ಚಾವಣಿಯಲ್ಲಿ ತೂಗುಹಾಕಿದ್ದ ಪುಟ್ಟ ವಿಮಾನ ಕಂಡಾಗ ಅವನಿಗೆ ಹುಚ್ಚು ಹಿಡಿದದ್ದು. ಅಂಗಡಿಯಿದ್ದ ಕಟ್ಟಡದ ಲಿಫ್ಟು ರಿಪೇರಿಗೆಂದು ಹೋದವನು ಕೆಲಸ ಮುಗಿದ ಮೇಲೂ ಅಲ್ಲಿಂದ ಕದಲಲಿಲ್ಲ. ಕನ್ನಡಕದವನು ನಗುತ್ತ ಅದನ್ನು ಇಳಿಸಿ ಕೈಗೆ ಕೊಟ್ಟ. ಬ್ಯಾಟರಿಯಿಂದ ಹಾರುವ, ನೆಲದಲ್ಲಿ ನಿಂತು ರಿಮೋಟಿನಿಂದ ನಡೆಸುವ ಮಾದರಿ ವಿಮಾನ ಅದು. ಮುಂದಿನ ಭಾನುವಾರ ಬಯಲಿಗೆ ಬಾ ಎಂದು ಕರೆದ. ಆ ಭಾನುವಾರ ಹೋದವನು ಮತ್ತೆ ಒಂದೂ ಭಾನುವಾರ ತಪ್ಪಿಸಲಿಲ್ಲ.

ಕೆಲವು ತಿಂಗಳಲ್ಲಿ ಅವನದೇ ಒಂದು ವಿಮಾನ ಮನೆಗೆ ಬಂತು. ಬೆಂಡಿನಷ್ಟು ಹಗುರವಾದ ಫೋಮಿನ ಮೈ, ಮೇಲಕ್ಕೆ ಕೂರಿಸಿದ ಹಳದಿ ರೆಕ್ಕೆ, ಮೂತಿಯಲ್ಲಿ ಪ್ರೊಪೆಲ್ಲರು. ಅದು ಊಟದ ಮೇಜಿನ ಮೇಲೆ ಮಲಗಿದ್ದನ್ನು ಕಂಡ ದಿನವೇ ಅವನ ಹೆಂಡತಿ ಅದಕ್ಕೆ "ಸವತಿ" ಎಂದು ಹೆಸರಿಟ್ಟಳು. "ನಿಮ್ಮ ಸವತಿಗೆ ಸ್ನಾನ ಆಯ್ತಾ?" ಎಂದು ಅವನು ಒರೆಸುವಾಗ ಕೇಳುತ್ತಿದ್ದಳು. "ನನಗೆ ಯಾಕೆ ಸವತಿ ಆಗ್ತಾಳೆ, ಅವಳು ನಿನಗೆ ಸವತಿ" ಎಂದು ಅವನು ತಿದ್ದುತ್ತಿದ್ದ. ಹೀಗೇ ವರ್ಷಗಳು ಉರುಳಿದವು. ಮಗ ಆಸ್ಪತ್ರೆಯಲ್ಲಿ ನರ್ಸ್ ಆದ. ಮನೆಗೆ ಸೊಸೆ ಬಂದಳು. ಅವಳು ಶಾಲೆಯ ವ್ಯಾನು ಓಡಿಸುತ್ತಿದ್ದಳು.

ಸೊಸೆ ಕಡಿಮೆ ಮಾತಿನವಳು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಚಕ್ರ ಒತ್ತಿ ನೋಡಿ, ಕನ್ನಡಿ ಒರೆಸಿ, ಪ್ರತಿ ಬಾಗಿಲನ್ನೂ ಒಮ್ಮೆ ಎಳೆದು ಪರೀಕ್ಷಿಸಿ ಹೊರಡುವವಳು. ಮಾವ ಸೊಸೆಯ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಚಹಾ ತಂದಿಟ್ಟರೆ ಅವನು ಹೂಂ ಅನ್ನುತ್ತಿದ್ದ, ಲೋಟ ತೆಗೆದುಕೊಂಡು ಹೋಗುವಾಗ ಅವಳು ಹೂಂ ಅನ್ನುತ್ತಿದ್ದಳು. ಅವರಿಬ್ಬರ ಮಾತುಕತೆ ಅಷ್ಟಕ್ಕೇ ಮುಗಿಯುತ್ತಿತ್ತು.

ಲಿಫ್ಟಜ್ಜ ಕೆಲಸದಿಂದ ನಿವೃತ್ತನಾದ ಸ್ವಲ್ಪ ದಿನಕ್ಕೇ ಲಕ್ವ ಹೊಡೆಯಿತು. ಬೆಳಗಿನ ಹೊತ್ತು ಗಡ್ಡ ಹೆರೆಯುತ್ತಿದ್ದ. ಕನ್ನಡಿಯಲ್ಲಿ ಅರ್ಧ ಮುಖ ಜಾರಿದ ಹಾಗೆ ಕಂಡಿತು. ಹೆಂಡತಿಯನ್ನು ಕರೆದ, ಬಾಯಿಂದ ಬಂದದ್ದು ಬರೀ ಗೊರಗೊರ ಸದ್ದು. ಅವಳು ತಮಾಷೆ ಎಂದುಕೊಂಡು, ಸಾಕು ನಾಟಕ ಎಂದು ಗದರಿದಳು. ರಾತ್ರಿ ಪಾಳಿ ಮುಗಿಸಿ ಆಗತಾನೆ ಒಳಗೆ ಬಂದಿದ್ದ ಮಗ ಅಪ್ಪನ ಮುಖ ನೋಡಿದವನೇ ಎರಡೂ ಕೈ ಎತ್ತು ಅಂದ. ಬಲಗೈ ಎದ್ದಿತು. ಎಡಗೈ ಏಳಲಿಲ್ಲ.

ಸೊಸೆ ವ್ಯಾನಿನ ಕೀಲಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಇನ್ನೊಬ್ಬ ಚಾಲಕನಿಗೆ ಫೋನು ಮಾಡಿ ತನ್ನ ವ್ಯಾನಿನ ಶಾಲಾಮಕ್ಕಳನ್ನು ಕರೆದೊಯ್ಯಲು ಹೇಳಿದಳು. ಮಗನೂ ಅವಳೂ ಸೇರಿ ಅವನನ್ನು ಎತ್ತಿ ವ್ಯಾನಿನಲ್ಲಿ ಮಲಗಿಸಿದರು. ದಾರಿಯಲ್ಲಿ ಅವಳು ಹಾರ್ನು ಹೊಡೆದದ್ದು, ಹಳ್ಳ ದಿಣ್ಣೆಗಳನ್ನು ನಾಜೂಕಾಗಿ ತಪ್ಪಿಸಿದ್ದು ಅವನಿಗೆ ತಿಳಿಯುತ್ತಿತ್ತು. ಮೈ ಅಲುಗದ ಹಾಗೆ, ಆದರೂ ಗಾಳಿಯ ಹಾಗೆ ಓಡಿಸಿದಳು. ತಡಮಾಡದೆ ತಂದದ್ದಕ್ಕೆ ಇಷ್ಟು ಉಳಿಯಿತು ಎಂದು ಡಾಕ್ಟರು ಆಮೇಲೆ ಹೇಳಿದರು.

ಉಳಿದದ್ದು ಇಷ್ಟು: ಎಡಗಾಲನ್ನು ಎಳೆದುಕೊಂಡು ಕೋಲೂರಿ ನಡೆಯಬಹುದು. ಮಾತು ಬರುತ್ತದೆ, ಆದರೆ ನಾಲಿಗೆ ದಪ್ಪ. ಅವಸರ ಮಾಡಿದರೆ ಮಾತೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಎಡಗೈ ಭುಜದಿಂದ ಸ್ವಲ್ಪ ಅಲುಗುತ್ತದೆ, ಬೆರಳುಗಳು ಮಾತ್ರ ಮಡಚಿದ್ದು ಮಡಚಿದ ಹಾಗೇ.

ವಿಮಾನ ನಡೆಸುವ ರಿಮೋಟಿಗೆ ಎರಡು ಕಡ್ಡಿಗಳಿರುತ್ತವೆ. ಬಲಗಡೆಯದು ವಿಮಾನವನ್ನು ವಾಲಿಸಿ ತಿರುಗಿಸುತ್ತದೆ, ಮೂತಿಯನ್ನು ಎತ್ತಿ ಇಳಿಸುತ್ತದೆ. ಎಡಗಡೆಯದು ಮೋಟಾರಿನ ವೇಗ ಏರಿಸಿ ಇಳಿಸುತ್ತದೆ, ನೆಲದ ಮೇಲೆ ಓಡುವಾಗ ನೇರ ಹಿಡಿಯುತ್ತದೆ. ಎರಡೂ ಹೆಬ್ಬೆರಳು ಬೇಕು. ಲಿಫ್ಟಜ್ಜ ಒಂದು ದಿನ ಮಂಚದ ಮೇಲೆ ಕೂತು ರಿಮೋಟನ್ನು ತೊಡೆಯ ಮೇಲಿಟ್ಟುಕೊಂಡ. ಬಲ ಹೆಬ್ಬೆರಳು ತನ್ನ ಜಾಗಕ್ಕೆ ತಾನೇ ಹೋಯಿತು. ಎಡಗೈಯನ್ನು ಬಲಗೈಯಿಂದ ಎತ್ತಿ ಕಡ್ಡಿಯ ಮೇಲಿಟ್ಟ. ಅದು ಜಾರಿ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಆಮೇಲೆ ಅವನು ಕನ್ನಡಕದವನಿಗೆ ಹೇಳಿಕಳಿಸಿದ, ಬಂದು ವಿಮಾನ ತೆಗೆದುಕೊಂಡು ಹೋಗು, ಯಾರಾದರೂ ಹಾರಿಸುವವರಿಗೆ ಕೊಡು ಎಂದು.

ಕನ್ನಡಕದವನು ಬಂದ. ಮನಸ್ಸಿಲ್ಲದ ಮನಸ್ಸಿನಿಂದ ಕಪಾಟಿನ ಮೇಲಿಂದ ವಿಮಾನ ಇಳಿಸಿದ. ಆಗಲೇ ಸೊಸೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಮಾವ, ಅದನ್ನ ಹಾರಿಸೋದು ನನಗೆ ಕಲಿಸ್ತೀರಾ?"

ಲಿಫ್ಟಜ್ಜನಿಗೆ ಇದು ಕನಿಕರದ ಮಾತು ಅನ್ನಿಸಿತು. ಕನಿಕರ ಅವನಿಗೆ ಔಷಧಿಗಿಂತ ಕಹಿ. ನಿನಗೆ ಯಾಕಮ್ಮ ಈ ಉಸಾಬರಿ ಎಂದು ತೊದಲುತ್ತ ಕೇಳಿದ. ಅವಳು ನೆಲ ನೋಡುತ್ತ ಹೇಳಿದಳು.

"ಬೆಳಗಾದ್ರೆ ರಸ್ತೆ, ಸಂಜೆಯಾದ್ರೆ ರಸ್ತೆ. ಬ್ರೇಕು, ಹಾರ್ನು, ಗುಂಡಿ. ಒಂದ್ಸಲನಾದ್ರೂ ಗುಂಡಿ ಇಲ್ಲದ ಕಡೆ ಏನಾದ್ರೂ ಓಡಿಸ್ಬೇಕು ಅಂತ ಆಸೆ ಮಾವ. ನೀವು ಹಾರಿಸುವಾಗ ಕೇಳೋಕೆ ಸಂಕೋಚ ಆಗ್ತಿತ್ತು."

ಅದು ಕನಿಕರದ ದನಿಯಲ್ಲ, ಬಹಳ ದಿನ ಒಳಗೇ ಇಟ್ಟುಕೊಂಡಿದ್ದ ಆಸೆಯ ದನಿ. ಲಿಫ್ಟಜ್ಜ ಅವಳ ಮುಖವನ್ನು ಅವತ್ತೇ ಸರಿಯಾಗಿ ನೋಡಿದ್ದು ಅಂದರೂ ತಪ್ಪಿಲ್ಲ. ಕನ್ನಡಕದವನು ವಿಮಾನವನ್ನು ಮೇಜಿನ ಮೇಲಿಟ್ಟು, ತನ್ನ ಚಹಾ ಕುಡಿದು, ಹಗುರವಾಗಿ ಎದ್ದುಹೋದ.

ಪಾಠ ಶುರುವಾಯಿತು. ಮೊದಲ ದಿನವೇ ಸೊಸೆ ಒಂದು ಬ್ಯಾಟರಿ ಕೈಯಲ್ಲಿ ಹಿಡಿದುಕೊಂಡು ಬಂದು, ಇದು ಹೀಗೇ ಇರೋದಾ ಎಂದು ಕೇಳಿದಳು. ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದದ್ದು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಲಿಫ್ಟಜ್ಜ ಕೋಲು ಬೀಳಿಸಿ ಕೈ ಚಾಚಿದ. ಉಬ್ಬಿದ ಬ್ಯಾಟರಿಗೆ ಚಾರ್ಜು ಹಾಕಿದರೆ ಬೆಂಕಿ ಹತ್ತುತ್ತದೆ, ಅದನ್ನು ಚುಚ್ಚಬಾರದು, ಕಸದ ಬುಟ್ಟಿಗೂ ಎಸೆಯಬಾರದು ಎಂದು ನಿಧಾನವಾಗಿ ತಿಳಿಸಿದ. ಹಳೆಯ ಬ್ಯಾಟರಿ ವಾಪಸ್ಸು ತೆಗೆದುಕೊಳ್ಳುವ ಅಂಗಡಿಗೆ ಅವಳು ಅದನ್ನು ಮರುದಿನವೇ ಮುಟ್ಟಿಸಿ, ಹೊಸದು ತಂದಳು. ಹೊಸದಕ್ಕೆ ಚಾರ್ಜು ಹಾಕುವಾಗ ಹಿತ್ತಲಿನ ಕಲ್ಲಿನ ಮೇಲೆ ಇಟ್ಟು, ಮಾವ ಸೊಸೆ ಇಬ್ಬರೂ ಎದುರಿಗೇ ಕೂತರು. ಚಾರ್ಜಾಗುತ್ತಿರುವ ಬ್ಯಾಟರಿಯನ್ನು ಬಿಟ್ಟು ಏಳಬಾರದು ಎನ್ನುವುದು ಅವನ ಕಟ್ಟಪ್ಪಣೆ. ಹಾಲು ಕಾಯಿಸಿದ ಹಾಗೆ ಎಂದು ಅವಳು ಅಂದಳು. ಹೌದು, ಹಾಲು ಉಕ್ಕಿದರೆ ಒಲೆ ಕೊಳೆಯಾಗುತ್ತದೆ, ಇದು ಉಕ್ಕಿದರೆ ಮನೆಯೇ ಹೋಗುತ್ತದೆ ಎಂದು ಅವನು. ಬೇರೆ ಕೆಲಸವಿಲ್ಲದೆ ಹಾಗೆ ಕೂತಿದ್ದಾಗಲೇ ಅವರಿಬ್ಬರೂ ಮೊದಲ ಸಲ ಮನಸ್ಸು ಬಿಚ್ಚಿ ಮಾತಾಡಿದ್ದು. ಅವಳು ವ್ಯಾನು ಕಲಿತದ್ದು ತನ್ನ ಸೋದರಮಾವನಿಂದ ಎಂದು ಅವನಿಗೆ ಗೊತ್ತಾಯಿತು. ಅವನು ಒಮ್ಮೆ ಲಿಫ್ಟಿನ ಓಣಿಯಲ್ಲಿ ಬೆಕ್ಕಿನ ಮರಿಗಳನ್ನು ಕಂಡು ಕೆಲಸ ನಿಲ್ಲಿಸಿದ್ದನೆಂದು ಅವಳಿಗೆ ಗೊತ್ತಾಯಿತು.

ವಿಮಾನ ಹಾರಿಸುವುದಕ್ಕಿಂತ ಮೊದಲು ಅದನ್ನು ಸಿದ್ಧ ಮಾಡುವುದನ್ನೇ ಅವನು ವಾರಗಟ್ಟಲೆ ಕಲಿಸಿದ. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ಮೂತಿ ಒಂದಿಷ್ಟೇ ಕೆಳಕ್ಕೆ ಬಾಗಬೇಕು. ಬಾಲ ಕುಸಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಬೇಕು. ಮೊದಲು ರಿಮೋಟು ಚಾಲೂ, ಆಮೇಲೆ ವಿಮಾನದ ಬ್ಯಾಟರಿ. ಮುಗಿಸುವಾಗ ಮೊದಲು ವಿಮಾನದ ಬ್ಯಾಟರಿ ಬಿಚ್ಚಿ, ಆಮೇಲೆ ರಿಮೋಟು ಬಂದ್. ಬ್ಯಾಟರಿ ಜೋಡಿಸಿದ ಮೇಲೆ ಪ್ರೊಪೆಲ್ಲರು ನಿಂತಿದ್ದರೂ ತಿರುಗುತ್ತಿದೆ ಎಂದೇ ಭಾವಿಸಿ ಕೈ ದೂರ ಇಡಬೇಕು. ಒಂದೊಂದು ಕಡ್ಡಿ ಅಲ್ಲಾಡಿಸಿ ರೆಕ್ಕೆಯ ಅಂಚಿನ ಪಟ್ಟಿ, ಬಾಲದ ಪಟ್ಟಿ ಸರಿಯಾದ ಕಡೆಗೇ ಅಲುಗುತ್ತದೆಯೇ ನೋಡಬೇಕು. ಸೊಸೆಗೆ ಇದೊಂದೂ ಭಾರ ಅನ್ನಿಸಲಿಲ್ಲ. ದಿನಾ ಮಕ್ಕಳನ್ನು ಹತ್ತಿಸಿಕೊಳ್ಳುವ ಮೊದಲು ವ್ಯಾನಿನ ಸುತ್ತ ತಿರುಗುವವಳಿಗೆ ಇದನ್ನು ಬಿಡಿಸಿ ಹೇಳುವುದೇ ಬೇಕಿರಲಿಲ್ಲ.

ಮುಚ್ಚಿಹೋದ ಒಂದು ಕಾರ್ಖಾನೆಯ ಹಿಂದೆ ವಿಶಾಲವಾದ ಬಯಲಿತ್ತು. ಜಾಗದ ಮಾಲೀಕರು ಭಾನುವಾರ ಬೆಳಗ್ಗೆ ಹಾರಿಸಿಕೊಳ್ಳಲು ಒಪ್ಪಿಗೆ ಕೊಟ್ಟಿದ್ದರು. ವಿದ್ಯುತ್ ತಂತಿ ದೂರ, ಮನೆಗಳು ಇನ್ನೂ ದೂರ. ಒಂದು ಪಕ್ಕಕ್ಕೆ ಮಾತ್ರ ಮುಳ್ಳುಪೊದೆಗಳ ಸಾಲು. ಕನ್ನಡಕದವನ ಹತ್ತಿರ ಎರಡು ರಿಮೋಟುಗಳನ್ನು ಜೋಡಿಸುವ ಏರ್ಪಾಡಿತ್ತು. ಕಲಿಯುವವರು ತಪ್ಪಿದರೆ ಕಲಿಸುವವನು ಒಂದು ಗುಂಡಿ ಒತ್ತಿ ವಿಮಾನವನ್ನು ತನ್ನ ಹಿಡಿತಕ್ಕೆ ತೆಗೆದುಕೊಳ್ಳಬಹುದು. ಲಿಫ್ಟಜ್ಜ ಮಡಚುವ ಕುರ್ಚಿಯಲ್ಲಿ ಕೂತು ಬಾಯಲ್ಲಿ ಪಾಠ ಹೇಳುತ್ತಿದ್ದ, ಕನ್ನಡಕದವನು ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ.

ವಿಮಾನ ದೂರ ಹೋಗುವಾಗ ಸೊಸೆಗೆ ಕಷ್ಟವಾಗಲಿಲ್ಲ. ಅದು ತಿರುಗಿ ತನ್ನ ಕಡೆಗೆ ಬರುವಾಗ ಎಡಬಲ ಅದಲುಬದಲಾಗಿ ತಲೆ ಕೆಡುತ್ತಿತ್ತು. ಬಲಕ್ಕೆ ತಳ್ಳಿದರೆ ಕಣ್ಣಿಗೆ ಎಡಕ್ಕೆ ಹೋದ ಹಾಗೆ. ವ್ಯಾನಿನಲ್ಲಾದರೆ ತಾನು ಒಳಗೇ ಕೂತಿರುತ್ತೇನೆ, ಇಲ್ಲಿ ವ್ಯಾನೇ ಎದುರಿಗೆ ಬರುತ್ತಿದೆ ಎಂದು ಅವಳು ಗೊಣಗಿದಳು. ಲಿಫ್ಟಜ್ಜ ಅವಳಿಗೆ ಒಂದು ಉಪಾಯ ಹೇಳಿಕೊಟ್ಟ: ಎದುರಿಗೆ ಬರುವಾಗ ಎಡಬಲದ ಗೊಡವೆಯೇ ಬೇಡ, ಯಾವ ರೆಕ್ಕೆ ಕೆಳಗೆ ವಾಲಿದೆಯೋ ಆ ಕಡೆಗೇ ಕಡ್ಡಿ ತಳ್ಳು, ಬೀಳುವವನಿಗೆ ಹೆಗಲು ಕೊಟ್ಟ ಹಾಗೆ. ಅಲ್ಲಿಂದ ಮುಂದೆ ಕನ್ನಡಕದವನಿಗೆ ಗುಂಡಿ ಒತ್ತುವ ಕೆಲಸ ಕಡಿಮೆಯಾಗುತ್ತ ಬಂತು. ಕೊನೆಗೊಂದು ದಿನ ಅವನು ತನ್ನ ರಿಮೋಟನ್ನು ಚೀಲಕ್ಕೆ ಹಾಕಿ, ಇನ್ನು ನಿನ್ನ ಪಾಡು ನಿನ್ನದು ತಂಗಿ ಅಂದುಬಿಟ್ಟ.

ಅವಳು ಒಬ್ಬಳೇ ಹಾರಿಸಿದ ಆ ಬೆಳಗ್ಗೆ ಗಾಳಿ ಮೆಲ್ಲಗಿತ್ತು. ಹುಲ್ಲು ಕಿತ್ತು ತೂರಿ ನೋಡಿದಳು. ಗಾಳಿಗೆ ಎದುರಾಗಿ ವಿಮಾನವನ್ನು ನಿಲ್ಲಿಸಿ, ಸುತ್ತ ಒಮ್ಮೆ ಕಣ್ಣು ಹಾಯಿಸಿ, ಜೋರಾಗಿ "ಹಾರಿಸ್ತಿದ್ದೀನಿ" ಎಂದು ಹೇಳಿ ಮೋಟಾರು ಏರಿಸಿದಳು. ಹಳದಿ ರೆಕ್ಕೆ ನೆಲ ಬಿಟ್ಟಿತು. ದೊಡ್ಡ ದೊಡ್ಡ ಸುತ್ತು ಹಾಕಿಸಿದಳು. ಲಿಫ್ಟಜ್ಜನ ಬಲ ಹೆಬ್ಬೆರಳು ಕುರ್ಚಿಯ ಕೈಯ ಮೇಲೆ ತನಗೆ ತಾನೇ ಆಡುತ್ತಿತ್ತು.

ಇಳಿಸುವ ಹೊತ್ತಾಯಿತು. ವಿಮಾನ ಬಯಲಿನ ಆ ತುದಿಯಿಂದ ತಗ್ಗಿ ಬರುತ್ತಿತ್ತು, ಮೋಟಾರಿನ ಸದ್ದು ತೀರಾ ಸಣ್ಣದಾಗಿತ್ತು. ಅಷ್ಟರಲ್ಲಿ ಮುರಿದ ಕಾಂಪೌಂಡಿನ ಸಂದಿಯಿಂದ ಒಂದು ಸಂಸಾರ ಒಳಗೆ ಬಂತು. ವಿಮಾನ ಕಂಡು ಮಗುವಿಗೆ ತೋರಿಸಲು ಬಂದಿದ್ದರು ಪಾಪ. ಅಪ್ಪನ ಕೈಯಿಂದ ಬಿಡಿಸಿಕೊಂಡು ಒಂದು ಪುಟ್ಟ ಹುಡುಗಿ ಎರಡೂ ಕೈ ಚಾಚಿ, ವಿಮಾನ ಇಳಿಯುವ ಜಾಗಕ್ಕೇ ಓಡಿ ಬಂದಳು.

ಲಿಫ್ಟಜ್ಜ ಅವಳನ್ನು ನೋಡಿದ. ಕೂಗಬೇಕು. ಮೋಟಾರು ಬಂದ್ ಮಾಡು, ಪಕ್ಕಕ್ಕೆ ತಿರುಗಿಸು ಎಂದು ಹೇಳಬೇಕು. ಬಾಯಿ ತೆರೆದ. ಮಾತು ಬರಲಿಲ್ಲ. ಎದೆಯಲ್ಲಿ ಇದೆ, ಗಂಟಲಲ್ಲಿ ಇದೆ, ನಾಲಿಗೆಗೆ ಬಂದು ಸೇರಲೊಲ್ಲದು. ಎದ್ದು ನಿಲ್ಲಹೋಗಿ ಕುರ್ಚಿಯ ಜೊತೆಗೇ ವಾಲಿದ.

ಆದರೆ ಸೊಸೆ ಆಗಲೇ ಮಾಡಿ ಮುಗಿಸಿದ್ದಳು. ಮತ್ತೆ ಮೇಲಕ್ಕೆತ್ತಲು ಹೋಗಿದ್ದರೆ ವಿಮಾನ ಆ ಮಗುವಿನ ನೆತ್ತಿಯ ಮೇಲೇ ಹಾಯಬೇಕಿತ್ತು. ಅವಳು ಹಾಗೆ ಮಾಡಲಿಲ್ಲ. ಎಡಗಡೆಯ ಕಡ್ಡಿಯನ್ನು ಪೂರ್ತಿ ಕೆಳಗೆಳೆದು ಮೋಟಾರು ನಿಲ್ಲಿಸಿ, ಬಲಗಡೆಯ ಕಡ್ಡಿಯಿಂದ ವಿಮಾನವನ್ನು ಒಮ್ಮೆಗೇ ಮುಳ್ಳುಪೊದೆಯ ಕಡೆ ಹೊರಳಿಸಿದಳು. ಚಟ್ ಎಂಬ ಸದ್ದು. ಪೊದೆಯಿಂದ ಎರಡು ಹಕ್ಕಿ ಎದ್ದು ಹಾರಿದವು. ಹುಡುಗಿ ಅಲ್ಲೇ ನಿಂತು, ವಿಮಾನ ಎಲ್ಲಿ ಹೋಯಿತು ಎಂದು ಸುತ್ತ ನೋಡುತ್ತಿದ್ದಳು.

ಅವಳ ಅಪ್ಪ ಓಡಿ ಬಂದು ಮಗಳನ್ನೆತ್ತಿಕೊಂಡು ಕ್ಷಮಿಸಿ ಎಂದ. ಕನ್ನಡಕದವನು ಅವನಿಗೆ ಸಮಾಧಾನ ಹೇಳಿ, ಎಲ್ಲಿ ನಿಂತು ನೋಡಬೇಕೆಂದು ತೋರಿಸಿಕೊಟ್ಟ. ಸೊಸೆ ಪೊದೆಯೊಳಗೆ ನುಗ್ಗಿ, ಮೊದಲು ಬ್ಯಾಟರಿ ಬಿಚ್ಚಿ, ಆಮೇಲೆ ತುಂಡುಗಳನ್ನು ಆಯ್ದುಕೊಂಡು ಬಂದಳು. ಮೂತಿ ಮುರಿದಿತ್ತು. ಒಂದು ರೆಕ್ಕೆ ಅರ್ಧಕ್ಕೇ ಹರಿದಿತ್ತು. ತೋಳಿನ ತುಂಬ ಮುಳ್ಳು ಗೀರಿದ ಗೆರೆ. ಎಲ್ಲವನ್ನೂ ಅವನ ಕಾಲ ಬಳಿ ಇಟ್ಟು, ತಲೆ ತಗ್ಗಿಸಿ ನಿಂತಳು.

"ಮಾವ, ನಿಮ್ಮ ವಿಮಾನ..."

ಲಿಫ್ಟಜ್ಜನಿಗೆ ಈಗ ಮಾತು ಬಂತು. ಒಂದೊಂದೇ ಅಕ್ಷರ ಕಿತ್ತು ತಂದ ಹಾಗೆ ಬಂತು.

"ಅದು ಫೋಮು ಕಣಮ್ಮ. ಅಂಟು ಹಾಕಿದ್ರೆ ಆಯ್ತು. ನನ್ನ ಬಾಯಿಗೆ ಬರದ ಮಾತು ನಿನ್ನ ಕೈಗೆ ಬಂತಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು ಮತ್ತೆ ಹೇಳಿದ, "ಅವತ್ತು ಆಸ್ಪತ್ರೆಗೂ ನೀನೇ ಮುಟ್ಟಿಸಿದ್ದು. ಇಷ್ಟು ದಿನ ಹೇಳಿರ್ಲಿಲ್ಲ ನಾನು. ನಿನ್ನಿಂದ ಬದುಕಿದೆ."

ಸೊಸೆ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಮುರಿದ ಮೂತಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅವನು ಬಲಗೈಯನ್ನು ಅವಳ ತಲೆಯ ಮೇಲಿಟ್ಟ. ಮುಳ್ಳಿನ ಗೀರು ಬಿಟ್ಟರೆ ಯಾರಿಗೂ ಗಾಯವಿಲ್ಲ, ಆ ಮಗು ಅಪ್ಪನ ಹೆಗಲ ಮೇಲೆ ಕೂತು ಕೈ ಬೀಸುತ್ತಿದೆ. ಇದಕ್ಕಿಂತ ಹೆಚ್ಚು ಇನ್ನೇನು ಕೇಳುವುದು ಎಂದು ಅವನಿಗೆ ಅನ್ನಿಸಿತು.

ಮನೆಗೆ ಬಂದಾಗ ಹೆಂಡತಿ ಡಬ್ಬಿಯೊಳಗಿನ ತುಂಡುಗಳನ್ನು ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ನಡೆದದ್ದನ್ನೆಲ್ಲ ಕೇಳಿದ ಮೇಲೆ ಒಳಗೆ ಹೋಗಿ ಸೊಸೆಯ ತೋಳಿಗೆ ಹಚ್ಚಲು ಮುಲಾಮು ತಂದಳು. ಹಚ್ಚುತ್ತ ಹಚ್ಚುತ್ತ, "ಎಷ್ಟೇ ಆದ್ರೂ ಸವತಿ, ಹೀಗೆ ಮುರಿದು ಬಿದ್ದಿರೋದನ್ನ ನೋಡೋಕಾಗಲ್ಲ. ಅಂಟು ತನ್ನಿ, ನಾನೂ ಹಿಡ್ಕೋತೀನಿ" ಅಂದಳು.

ಸವತಿಯ ಶುಶ್ರೂಷೆ ಊಟದ ಮೇಜಿನ ಮೇಲೆ ನಡೆಯಿತು. ಲಿಫ್ಟಜ್ಜ ಹೇಳುವುದು, ಸೊಸೆ ಅಂಟು ಹಚ್ಚುವುದು, ಹೆಂಡತಿ ಒತ್ತಿ ಹಿಡಿದು ಕೂರುವುದು. ರಜೆಯಲ್ಲಿದ್ದ ಮಗ ಆಸ್ಪತ್ರೆಯಲ್ಲಿ ಬ್ಯಾಂಡೇಜು ಸುತ್ತಿದಷ್ಟೇ ಅಚ್ಚುಕಟ್ಟಾಗಿ ರೆಕ್ಕೆಗೆ ಟೇಪು ಸುತ್ತಿದ. ಬಿಸಾಡಲೇಬೇಕಾಗಿ ಬಂದದ್ದು ಪ್ರೊಪೆಲ್ಲರು ಮಾತ್ರ. ಬಿರುಕು ಬಿಟ್ಟ ಪ್ರೊಪೆಲ್ಲರಿಗೆ ಅಂಟು ಹಾಕಿ ತಿರುಗಿಸಿದರೆ ಚೂರು ಸಿಡಿದು ಕಣ್ಣಿಗೆ ಬಡಿಯಬಹುದು, ಅದಕ್ಕೆ ಹೊಸದೇ ಆಗಬೇಕು ಎಂದು ಲಿಫ್ಟಜ್ಜ ಹಟ ಹಿಡಿದ. ತಂತಿಗಳನ್ನೆಲ್ಲ ಜೋಡಿಸಿ ಆದ ಮೇಲೆ, ಸರಿಯಿದೆಯಾ ನೋಡಿ ಮಾವ ಎಂದು ಸೊಸೆ ರಿಮೋಟನ್ನು ಅವನ ಮುಂದಿಟ್ಟಳು. ಅವನು ಬಲಗಡೆಯ ಕಡ್ಡಿಯನ್ನು ಬಲಕ್ಕೆ ತಳ್ಳಿದ. ಬಲರೆಕ್ಕೆಯ ಪಟ್ಟಿ ಏಳಬೇಕಿತ್ತು, ಎಡರೆಕ್ಕೆಯದು ಎದ್ದಿತು. ತಂತಿ ಅದಲುಬದಲಾಗಿತ್ತು.

"ಹೀಗೇ ಹಾರಿದ್ರೆ ನಾವು ಬಲಕ್ಕೆ ಅಂದ್ರೆ ಅದು ಎಡಕ್ಕೆ ಅನ್ನುತ್ತೆ. ನಿಮ್ಮತ್ತೆ ಥರ."

ಹೆಂಡತಿ ಅಂಟಾದ ಕೈಯನ್ನೇ ಎತ್ತಿ ಅವನಿಗೆ ಹೊಡೆಯುವಂತೆ ಮಾಡಿದಳು. ಸೊಸೆ ನಗುತ್ತ ತಂತಿ ಬದಲಾಯಿಸಿದಳು. ಬದಲಾಯಿಸಿದವಳು ರಿಮೋಟನ್ನು ಎತ್ತಿಕೊಳ್ಳಲಿಲ್ಲ. ಅವನ ಹೆಬ್ಬೆರಳು ಬಲಗಡೆಯ ಕಡ್ಡಿಯ ಮೇಲೇ ಇತ್ತು, ಮೆಲ್ಲಗೆ ಆಡುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದು, ತನ್ನ ಕುರ್ಚಿಯನ್ನು ಅವನ ಎಡಗಡೆಗೆ ಎಳೆದುಕೊಂಡು ಎಡಗಡೆಯ ಕಡ್ಡಿಯ ಮೇಲೆ ತನ್ನ ಬೆರಳಿಟ್ಟಳು.

"ನಿಮ್ಮ ಬಲಗೈ ಚೆನ್ನಾಗೇ ಇದೆಯಲ್ಲ ಮಾವ. ಮೋಟಾರು ನಾನು ನೋಡ್ಕೋತೀನಿ, ಹಾರಿಸೋದು ನೀವು ಹಾರಿಸಿ."

ಮೊದಲಾಗಿದ್ದರೆ ಅವನು ಸಿಡುಕುತ್ತಿದ್ದ. ಅರ್ಧ ಕೈಯಲ್ಲಿ ಹಾರಿಸುವುದಕ್ಕಿಂತ ಹಾರಿಸದೇ ಇರುವುದೇ ಲೇಸು ಎಂದು ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಮಗನಿಗೆ ಹೇಳಿದ್ದೂ ಉಂಟು. ಈಗ ಆ ಬಿಗುಮಾನ ಎಲ್ಲಿ ಕರಗಿತೋ ಅವನಿಗೇ ತಿಳಿಯದು. ಹೂಂ ಅಂದ.

ಬಯಲಿಗೆ ಹೋಗುವ ಮೊದಲು ಪ್ರೊಪೆಲ್ಲರು ಬಿಚ್ಚಿಟ್ಟು ಮನೆಯಲ್ಲೇ ಅಭ್ಯಾಸ ಮಾಡಿದರು. ಮೋಟಾರು ಹೆಚ್ಚಿಸಲು "ಬೇಕು", ತಗ್ಗಿಸಲು "ಸಾಕು" ಎಂದು ಗೊತ್ತು ಮಾಡಿಕೊಂಡರು. ಅಲ್ಲೇ ಎಡವಟ್ಟಾಯಿತು. ಅವನ ದಪ್ಪ ನಾಲಿಗೆಯಲ್ಲಿ ಬೇಕೂ ಸಾಕೂ ಒಂದೇ ಥರ ಉರುಳುತ್ತಿದ್ದವು. ಸಾಕು ಎಂದಾಗ ಸೊಸೆ ಏರಿಸಿದಳು, ಸಾಕು ಸಾಕು ಎಂದು ಕೂಗಿದರೆ ಇನ್ನೂ ಏರಿಸಿದಳು. ಮೋಟಾರು ಮೇಜಿನ ಮೇಲೆ ಕಿರ್ರೆಂದು ಅರಚಿತು. ಅಡುಗೆಮನೆಯಿಂದ ಹೆಂಡತಿ, ಇಷ್ಟು ವರ್ಷ ನನ್ನ ಕೈಯಡುಗೆ ಉಂಡರೂ ನಿಮ್ಮ ಬೇಕು ಯಾವುದು ಸಾಕು ಯಾವುದು ನನಗೇ ಗೊತ್ತಾಗಿಲ್ಲ, ಅವಳಿಗೆಲ್ಲಿ ಗೊತ್ತಾಗಬೇಕು ಎಂದಳು. ಕೊನೆಗೆ ಬೇಕು ಅನ್ನುವುದನ್ನೇ ಕೈಬಿಟ್ಟು, ಏರಿಸಲು "ಹೂಂ" ಎಂದಾಯಿತು. ಅದಕ್ಕೆ ನಾಲಿಗೆಯ ಹಂಗೇ ಇಲ್ಲ. ತಗ್ಗಿಸಲು ಸಾಕು. ಒಮ್ಮೆಗೇ ಬಂದ್ ಮಾಡಬೇಕೆಂದರೆ ಮಾತೇ ಬೇಡ, ಅವನು ತನ್ನ ಹೆಗಲಿನಿಂದ ಅವಳ ಹೆಗಲನ್ನು ತಳ್ಳುವುದು. ಯಾರಿಗೆ ಅನುಮಾನ ಬಂದರೂ ಮೊದಲು ಮೋಟಾರು ಬಂದ್, ಆಮೇಲೆ ಮಾತು ಎಂದು ಇಬ್ಬರೂ ಒಪ್ಪಿಕೊಂಡರು.

ಮುಂದಿನ ಭಾನುವಾರ ಮನೆಮಂದಿಯೆಲ್ಲ ವ್ಯಾನಿನಲ್ಲಿ ಹೊರಟರು. ಕನ್ನಡಕದವನು ರಿಮೋಟು ಇಡಲು ಎದೆಯೆತ್ತರದ ಒಂದು ಸ್ಟ್ಯಾಂಡು ತಂದಿದ್ದ, ತನ್ನ ಅಂಗಡಿಯ ಹಳೆಯ ಕನ್ನಡಿ ನಿಲ್ಲಿಸುತ್ತಿದ್ದದ್ದು. ಕಾಂಪೌಂಡಿನ ಸಂದಿಗೆ ಮಗ ಒಂದು ಹಗ್ಗ ಕಟ್ಟಿ, ತಾನೇ ಕಾವಲು ನಿಂತ. ಲಿಫ್ಟಜ್ಜ ಸ್ಟ್ಯಾಂಡಿನ ಮುಂದೆ ಕೋಲಿಲ್ಲದೆ ನಿಂತ. ಎಡಗಡೆ ಸೊಸೆ ಅವನಿಗೆ ಆತು ನಿಂತಿದ್ದಳು. ಅವಳೇ ಅವನ ಕೋಲು. ಒಂದೊಂದೇ ಪರೀಕ್ಷೆ ಮುಗಿಯಿತು. ವಿಮಾನವನ್ನು ಕನ್ನಡಕದವನ ಕೈಯಲ್ಲಿ ಭದ್ರವಾಗಿ ಹಿಡಿಸಿ ರಿಮೋಟು ಬಂದ್ ಮಾಡಿದರೆ ಮೋಟಾರು ತಾನಾಗಿ ನಿಲ್ಲುತ್ತದೆಯೇ ಎಂಬುದನ್ನೂ ನೋಡಿದ್ದಾಯಿತು. ನಿಂತಿತು.

ಲಿಫ್ಟಜ್ಜ ಹೂಂ ಅಂದ.

ವಿಮಾನ ಓಡಿತು, ಸ್ವಲ್ಪ ಅಡ್ಡಾದಿಡ್ಡಿಯಾಗಿ. ಸೊಸೆ ನೇರ ಹಿಡಿದಳು. ಅವನು ಬಲಗಡೆಯ ಕಡ್ಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದ. ಚಕ್ರ ನೆಲ ಬಿಟ್ಟಿತು. ಟೇಪು ಸುತ್ತಿದ ಹಳದಿ ರೆಕ್ಕೆ ಅವನ ಕೈಮಾತು ಕೇಳಿ ವಾಲಿತು, ತಿರುಗಿತು, ಮತ್ತೆ ನೇರವಾಯಿತು. ಅವನ ಮೈಯಲ್ಲಿ ಅರ್ಧ ಭಾಗ ಮುಷ್ಕರ ಹೂಡಿ ಎಷ್ಟೋ ತಿಂಗಳಾಗಿತ್ತು. ಅಲ್ಲಿ ಮೇಲೆ ಮಾತ್ರ ಎರಡೂ ರೆಕ್ಕೆ ಒಂದೇ ಸಮ ಇದ್ದವು. ಕಣ್ಣು ಮಂಜಾಗತೊಡಗಿತು. ಈಗ ಅತ್ತರೆ ವಿಮಾನ ಕಾಣುವುದಿಲ್ಲ ಎಂದು ಅವನು ತನ್ನನ್ನೇ ಗದರಿಕೊಂಡ. ಸೊಸೆ ಅದನ್ನು ಗಮನಿಸಿ ಮೋಟಾರನ್ನು ಒಂದಿಷ್ಟೂ ಅಲುಗಿಸದೆ ಸಮವಾಗಿ ಹಿಡಿದಳು. ಅವನು ಸುಧಾರಿಸಿಕೊಳ್ಳುವವರೆಗೂ ವಿಮಾನ ಅಗಲವಾದ ಸುತ್ತಿನಲ್ಲೇ ಹಾರಿತು.

ಸಾಕು ಅಂದ. ಸಾಕು. ಇನ್ನೊಂದು ಸಾಕು. ವಿಮಾನ ಗಾಳಿಗೆ ಎದುರಾಗಿ ಇಳಿದು ಹುಲ್ಲಿನ ಮೇಲೆ ಒಮ್ಮೆ ಕುಪ್ಪಳಿಸಿ ನಿಂತಿತು. ಮಾವನ ಎಡಕ್ಕೆ ಕನ್ನಡಕದವನನ್ನು ನಿಲ್ಲಿಸಿ ಸೊಸೆ ಹೋಗಿ ಬ್ಯಾಟರಿ ಬಿಚ್ಚಿ ಕೈಯೆತ್ತಿದ ಮೇಲೆ ಲಿಫ್ಟಜ್ಜ ರಿಮೋಟು ಬಂದ್ ಮಾಡಿದ. ಹೆಂಡತಿ ಚಪ್ಪಾಳೆ ತಟ್ಟಲಿಲ್ಲ, ಏನೂ ಇಲ್ಲ. ಹತ್ತಿರ ಬಂದು ಸೆರಗಿನಿಂದ ಅವನ ಮುಖ ಒರೆಸಿ, ಬಿಸಿಲು ಜಾಸ್ತಿ ಅಂದಳು.

ಆಮೇಲೆ ಭಾನುವಾರಗಳು ಮತ್ತೆ ಮಾಮೂಲಾದವು. ಕೈ ಪೂರ್ತಿ ಸರಿಯಾಗಲಿಲ್ಲ, ಆಗುವ ಹಾಗೂ ಕಾಣುವುದಿಲ್ಲ. ಡಾಕ್ಟರು ಹೇಳಿದ ವ್ಯಾಯಾಮ ಮಾತ್ರ ಅವನು ಈಗ ಬೈಯದೆ ಮಾಡುತ್ತಾನೆ. ಮನೆಯಲ್ಲಿ ಚಹಾದ ಲೋಟದ ಸುತ್ತ ಮಾತು ಬೆಳೆದಿದೆ. ಯಾವ ರಸ್ತೆಯಲ್ಲಿ ಹೊಸ ಗುಂಡಿ ಬಿದ್ದಿದೆ, ಯಾವ ಮಗು ವ್ಯಾನಿನಲ್ಲಿ ಹಲ್ಲು ಬೀಳಿಸಿಕೊಂಡಿತು, ಎಲ್ಲ ಅವನಿಗೆ ಮೊದಲು ಗೊತ್ತು. ನಿದ್ದೆ ಹತ್ತುವ ಮೊದಲು ಅವನು ಒಬ್ಬೊಬ್ಬರನ್ನೇ ನೆನೆಯುತ್ತಾನೆ: ಕೈ ಎತ್ತು ಎಂದ ಮಗ, ಕೀಲಿ ಹಿಡಿದು ನಿಂತಿದ್ದ ಸೊಸೆ, ಅಂಟಿನ ಕೈಯ ಹೆಂಡತಿ, ಕೊಟ್ಟದ್ದನ್ನು ತೆಗೆದುಕೊಂಡು ಹೋಗದೆ ಎದ್ದುಹೋದ ಕನ್ನಡಕದವನು. ಇವರಲ್ಲಿ ಒಬ್ಬರು ಕಡಿಮೆಯಿದ್ದರೂ ತಾನು ಇಷ್ಟು ಉಳಿಯುತ್ತಿರಲಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು.

ಮೊನ್ನೆ ಭಾನುವಾರ ಬಯಲಿಗೆ ಹೋದರೆ ವಿಪರೀತ ಗಾಳಿ. ತೂರಿದ ಹುಲ್ಲು ಕೈಬಿಟ್ಟ ಕೂಡಲೇ ಅಡ್ಡಕ್ಕೆ ಹಾರಿಹೋಯಿತು. ಸೊಸೆ ಮಾವನ ಮುಖ ನೋಡಿದಳು, ಮಾವ ತಲೆ ಅಲ್ಲಾಡಿಸಿದ. ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ. ವ್ಯಾನಿನಲ್ಲೇ ಕೂತು ತಂದಿದ್ದ ಬುತ್ತಿ ತಿಂದು, ಕನ್ನಡಕದವನ ಟೋಪಿ ಗಾಳಿಗೆ ಹಾರಿದ್ದನ್ನು ನೋಡಿ ನಕ್ಕು, ವಾಪಸ್ಸು ಹೊರಟರು. ದಾರಿಯಲ್ಲಿ ಸೊಸೆ ಇದ್ದಕ್ಕಿದ್ದಂತೆ ರಸ್ತೆಯ ಬದಿಗೆ ವ್ಯಾನು ನಿಲ್ಲಿಸಿ, ಮೇಲೆ ನೋಡಿ ಮಾವ ಅಂದಳು. ಆ ಗಾಳಿಯಲ್ಲೇ ಒಂದು ಹದ್ದು ರೆಕ್ಕೆ ಬಡಿಯದೆ ನಿಂತಿತ್ತು. ಆಗೊಮ್ಮೆ ಈಗೊಮ್ಮೆ ಬಾಲವನ್ನು ಸ್ವಲ್ಪ ತಿರುಚುವುದು, ಮತ್ತೆ ಸುಮ್ಮನಾಗುವುದು. ಮಾವ ಸೊಸೆ ಇಬ್ಬರೂ ಕಿಟಕಿಯಿಂದ ಕತ್ತು ಹೊರಹಾಕಿ ಮೈಮರೆತು ನೋಡಿದರು. ಹಿಂದಿನ ಸೀಟಿನಲ್ಲಿ ಹೆಂಡತಿಯೂ ಬಗ್ಗಿ ನೋಡಿದಳು.

"ಪುಣ್ಯಾತ್ಗಿತ್ತಿ, ಚಾರ್ಜ್ ಹಾಕೋ ಗೋಜೇ ಇಲ್ಲ ನೋಡಿ ಅದಕ್ಕೆ" ಅಂದಳು.

ಸೊಸೆ ನಗುತ್ತಲೇ ಗೇರು ಹಾಕಿದಳು.